ಷರಾ

ರಜಿಸ್ಟರ್ ತಗಿ ಮಹಾನಂದಾ.
ಆರು ಒಯ್ದಿದ್ದೆ, ಐದು ತಂದೀನಿ.
ಮೊದಲ ಮೂಗಿಗಿ ಸೆರಗ ಹಿಡಿ, ಆಮ್ಯಾಲ ಕೊಡವಿ ತಗೋ,
ಬ್ಯಾಡಗಿ ಕಾಯಿ ಪುಡಿ ಹಾಳಿ ಹಾಳಿಗೂ ಕುಂತದ.
ಏಪ್ರಿಲ್, ಮೇ ಅಂದ್ರ ನಮ್ಮ ಮೈಂದರಗ್ಯಾಗ
ಖಾರದ ಗಿರಣಿಗಿ ಸುಗ್ಗಿ.
ಹನ್ನೊಂದಕ್ಕ ಹ್ವಾದ ಕರೆಂಟ್ ಬರೂದು ಮೂರಕ್ಕ.
ಆ ನಾಕು ತಾಸಿಂದು ಇದೆಲ್ಲಾ.

ಮರಾಠಿ ಕಪಾಟು ಎಂಟು, ಕನ್ನಡದ್ದು ಒಂದು,
ಅದರಾಗೂ ಒಂದು ಖಣದಾಗ ನಿನ್ನ ಊಟದ ಡಬ್ಬಿ, ಛತ್ರಿ.
ಆರಿಸೂದೇನು, ಕೈಗಿ ಹತ್ತಿದ್ದು ಒಯ್ದೆ.

ಈ ದಪ್ಪಂದು ಕಾದಂಬರಿ.
ಮುನ್ನೂರು ಪುಟ ಒಂದಽ ಮನಿ, ಒಂದಽ ಜಗಳ.
ಒಬ್ಬರೂ ಒಲಿ ಹಚ್ಚಂಗಿಲ್ಲ, ಒಬ್ಬರೂ ಉಣ್ಣಂಗಿಲ್ಲ,
ಬರೇ ಕಿಡಕಿ ಹತ್ತರ ನಿಂತು ವಿಚಾರ ಮಾಡ್ತಾರ.
ಬೀಸಾಕ ಬಂದ ಕಲ್ಲವ್ವಜ್ಜಿ ಕೇಳಿ ಕೇಳಿ ಅಂದಳು,
“ಇವರ ಮನ್ಯಾಗ ಜ್ವಾಳ ಯಾರು ಹಸನ ಮಾಡ್ತಾರಽ ಯವ್ವಾ?”
ನನ್ನ ಬಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

ಇದು ಕೊಲಿ ಕತಿ. ಯಾವನೋ ಪುಣ್ಯಾತ್ಮ
ಏಳನೇ ಪುಟದಾಗ ಪೆನ್ಸಿಲ್‌ಲೆ ಬರದಾನ:
“ಕೊಂದಾಂವ ಡಾಕ್ಟರ್.”
ಬೈಕೋತ ಬೈಕೋತ ಓದಿದೆ. ಸುಳ್ಳು ಬರದಾನ!
ಡಾಕ್ಟರ್ ಪಾಪ, ಕಡೀಕ ತಾನಽ ಸಾಯ್ತಾನ.
ಒಂದು ಪುಸ್ತಕಕ್ಕ ಎರಡು ಮೋಸ. ಲಾಭನಽ ಆತು.

ಹಿಮಾಲಯದ್ದು ಪ್ರವಾಸ.
ನಲವತ್ನಾಕು ಡಿಗ್ರಿ ಬಿಸಲಾಗ ಓದಬೇಕು ಇದನ್ನ.
ಬೆರಳು ಸೆಟದು ಕಟಗಿ ಆದವು ಅಂತ ಆತ ಬರೀತಾನ,
ನಾನು ಕಾಲು ಬುಟ್ಟಿ ನೀರಾಗ ಇಟಗೊಂಡು ಕುಂತೀನಿ.
ತನ್ನ ಧೈರ್ಯದ ಬಗ್ಗೆ ಭಾಳ ಬಿಡ್ತಾನ.
ಆದ್ರ ಒಂದು ಕಡೆ ಸಾಮಾನು ಹೊತ್ತ ಕುದರಿ ಜಾರಿ ಬೀಳ್ತದ,
ಹನ್ನೆರಡು ದಿನ ಕೂಡಿ ನಡದೆವು,
ಅದರ ಹೆಸರು ಕೇಳಲಿಲ್ಲಲಾ ಅಂತ ಹಳಹಳಸ್ತಾನ.
ಆ ಸಾಲಿಗಿ ಉಳದದ್ದೆಲ್ಲಾ ಮಾಫ.

ಪ್ರೀತಿ ಕತಿಗಿ ಅತ್ತಿದ್ದು ಖರೆ.
ಗುಂಟೂರ ಕಾಯಿ ಎರಡು ಕಿಲೋ ಆಗಷ್ಟ ಬೀಸಿದ್ದೆ,
ಕಣ್ಣೀರು ಕತಿದೋ ಕಾಯಿದೋ ಹೇಳಾಕ ಬರಂಗಿಲ್ಲ.
ಮಳಿ ಬಿದ್ದಮ್ಯಾಲ ಕೈ ತೊಳಕೊಂಡು
ಇನ್ನೊಮ್ಮೆ ಓದಿ ತಿಳಸ್ತೀನಿ.

ಕವಿತಾ ತೆಳ್ಳಗಿದ್ದವು, ಲಗೂ ಮುಗೀತಾವ ಅಂತ ಒಯ್ದೆ.
ಮುಗೀಲಿಲ್ಲ.
ಒಂದು ಪುಟ ಓದೂದ್ರಾಗ ಕರೆಂಟ್ ಬಂತು,
ಆ ಗದ್ದಲದಾಗೂ ಎರಡು ಸಾಲು ಒಳಗಽ ತಿರಗ್ತಿದ್ವು,
ಜ್ವಾಳದಾಗಿನ ಹರಳಿನಂಗ.
ಅರ್ಥ ಕೇಳಬ್ಯಾಡ.
ಹಲ್ಲಿಗಿ ಸಿಕ್ಕಿದ್ದಷ್ಟು ಗೊತ್ತು.

ಆರನೇದು ಕೇಳ್ತೀ ಅಂತ ಗೊತ್ತಿತ್ತು.
ಅದು ರಾಜಮಾನ ಬಲ್ಲಿ ಅದ.
ಐದು ಕಿಲೋ ಕಾಯಿ ತಂದು ಮೂರು ದಿನ ಪಾಳಿ ಹಚ್ಚಿದ್ದಳು,
ಕಾದು ಕಾದು ಬ್ಯಾಸತ್ತು ಜೋರಾಗಿ ಓದು ಅಂದಳು.
ಬರೇ ಕೀಲಿ ಕದಿಯೋ ಕಳ್ಳನ ಕತಿ ಅದು.
ಆತ ಒಳಗ ಹೊಕ್ಕಾನ, ಆ ಮನಿ ಹೆಣಮಗಳು ಎಚ್ಚರ ಅದಾಳ,
ಆವಾಗಽ ಬರಬೇಕಾ ಕರೆಂಟ್!
ಮರದಿನ ಬೋಗಣ್ಯಾಗ ಒಂದಽ ಹಿಡಿ ಜ್ವಾಳ ಹಾಕ್ಕೊಂಡು ಬಂದಳು,
ಬೀಸಾಕಂತ.

ಆಕಿ ಕಲತದ್ದು ಮರಾಠಿ ಸಾಲಿ, ಕನ್ನಡ ಬರೇ ಬಾಯಾಗ.
ಗಿರಣಿ ಕಟ್ಟಿ ಮ್ಯಾಲಿನ ಹಿಟ್ಟಿನಾಗ ಬೆರಳಿಲೆ
ಒಂದೊಂದಽ ಅಕ್ಷರ ತಿದ್ದಿ ತಿದ್ದಿ
ಈಗ ಒಂಬತ್ತನೇ ಪುಟದಾಗ ಅದಾಳ.
ಕಳ್ಳ ಚಲೋ ಮನಶ್ಯಾ ಅಂತಾಳ.
ಪೊಲೀಸನ ಹೆಸರಿನಾಗ ಮೂರು ಒತ್ತಕ್ಷರ ಅದಾವ,
ಅದಕ್ಕಽ ಆತ ಖೂಳ ಅಂತ.

ಈ ಷರಾದ ಖಾನೆ ನನ್ನ ಹೆಬ್ಬೆರಳಿಗಿಂತ ಸಣ್ಣದು ಮಹಾನಂದಾ.
ಯಾರೋ ಒಮ್ಮೆ “ಠೀಕ್” ಅಂತ ಬರದಾರ,
ಕೆಳಗೆಲ್ಲಾ ಎರಡೆರಡು ಗೀಟು.
ನಾನೂ ಗೀಟಽ ಹಾಕಲೇನು?
ಪುಸ್ತಕದ ಮ್ಯಾಲ ನನ್ನ ಕೆಂಪು ಬೆರಳು ಮೂಡ್ಯಾವ,
ಎಲ್ಲಿ ಭಾಳ ಮೂಡ್ಯಾವ ಅಲ್ಲಿ ಭಾಳ ಹೊತ್ತು ಕುಂತಿದ್ದೆ ಅಂತ ತಿಳಕೋ.

ಆರನೇದಕ್ಕ ದಂಡ ಹಾಕು.
ದಿನಕ್ಕ ಐವತ್ತು ಪೈಸಾದಂಗ,
ರಾಜಮಾನ ನಡಗಿ ನೋಡಿದ್ರ ದೀಪಾವಳಿ ತನ ಲೆಕ್ಕ ಹಿಡಿ.
ಚಿಲ್ಲರ ಇಲ್ಲ.
ಖಾರಪುಡಿ ನಡೀತದೇನು?